ಅಫೀಮಿನ ಕಾಯ್ದೆ, ನೋವಿನ ನ್ಯಾಯ

ಕೊಳ್ಳೇಗಾಲದ ಬಳಿಯ ಧನಗೆರೆಯ ಸುತ್ತಲಿನ ಸೀಮೆ ಒಂದೂವರೆ ಶತಮಾನ ಎರಡು ಆಡಳಿತಗಳ ಅಂಚಿನಲ್ಲಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರಿನಲ್ಲೇ ಉಳಿಯಿತು. ಕೊಳ್ಳೇಗಾಲ ಸೇರಿದ್ದ ಬ್ರಿಟಿಷ್ ಪ್ರಾಂತ್ಯಗಳಲ್ಲಿ 1878ರ ಕಾಯ್ದೆ ಅಫೀಮನ್ನು ಪರವಾನಗಿಗೆ ಒಳಪಡಿಸಿ, ಸರ್ಕಾರದ ವರಮಾನದ ಸರಕಾಗಿಯೇ ಉಳಿಸಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. 1985ರಲ್ಲಿ ಇಡೀ ದೇಶಕ್ಕೆ ಮಾದಕವಸ್ತು ಕಾಯ್ದೆ ಜಾರಿಯಾಯಿತು. ವೈದ್ಯಕೀಯ ಬಳಕೆಗೆ ಅವಕಾಶವಿದ್ದರೂ ಹಲವು ಪರವಾನಗಿಗಳ ಗೋಜಲು, ತಪ್ಪಿದರೆ ಕನಿಷ್ಠ 10 ವರ್ಷ ಜೈಲಿನ ಭಯ. ಆಸ್ಪತ್ರೆಗಳು ಅಫೀಮಿನಿಂದ ಸಿಗುವ ನೋವುನಿವಾರಕ ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರ ಹೊತ್ತಿಗೆ ದೇಶದಲ್ಲಿ ಅದರ ವೈದ್ಯಕೀಯ ಬಳಕೆ ಶೇ 90ಕ್ಕೂ ಹೆಚ್ಚು ಕುಸಿದಿತ್ತು. ಈ ಕಾಯ್ದೆಗಳು ವಸ್ತುವನ್ನು ಅಳೆದವೇ ಹೊರತು ಅದನ್ನು ಸೇವಿಸುವ ಮನುಷ್ಯನ ಸ್ಥಿತಿಯನ್ನಲ್ಲ.

ಮನುಷ್ಯನನ್ನು ಗಮನಿಸಿದ್ದು ಪ್ರಯೋಗಗಳು. ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದ ಜರ್ಮನಿಯ ಔಷಧಕಾರ ಸೆರ್ಟ್ಯೂರ್ನರ್, 1817ರ ವರದಿಯಲ್ಲಿ ತಾನೂ ಮೂವರು ಹುಡುಗರೂ ಅದನ್ನು ಸೇವಿಸಿದ ಬಗೆ ಬರೆದ. ಅರ್ಧ ಗ್ರೇನಿನಂತೆ ಮೂರು ಸಲ, ಮುಕ್ಕಾಲು ಗಂಟೆಯೊಳಗೆ. ಮೊದಲು ಮುಖ ಕೆಂಪೇರಿತು, ಆಮೇಲೆ ಹೊಟ್ಟೆನೋವು, ಓಕರಿಕೆ, ಮಂಪರು. ಕೊನೆಗೆ ವಾಂತಿಯಾಗಲೆಂದು ವಿನಿಗರ್ ಕುಡಿಯಬೇಕಾಯಿತು. 1955ರಲ್ಲಿ ಲಸಾನ್ಯಾ, ಫಾನ್ ಫೆಲ್ಸಿಂಗರ್, ಬೀಚರ್ ಪ್ರಕಟಿಸಿದ ಅಧ್ಯಯನ ಇದಕ್ಕಿಂತ ಶಿಸ್ತಿನದು. 20 ಮಂದಿ ಆರೋಗ್ಯವಂತರಿಗೆ ಮಾರ್ಫಿನ್, ಹೆರಾಯಿನ್, ನಿದ್ರಾಜನಕ ಪೆಂಟೊಬಾರ್ಬಿಟಾಲ್ ಮತ್ತು ಹುಸಿಮದ್ದನ್ನು, ಯಾವುದು ಯಾವುದೆಂದು ತಿಳಿಸದೆ ಕೊಟ್ಟರು. ಮಾರ್ಫಿನ್, ಹೆರಾಯಿನ್‌ಗಳಿಂದ ಬಹುತೇಕರಿಗೆ ಆದದ್ದು ಸುಖವಲ್ಲ, ಕಿರಿಕಿರಿ. ಅದೇ ಅಧ್ಯಯನದಲ್ಲಿದ್ದ, ಹಿಂದೆ ವ್ಯಸನಿಗಳಾಗಿದ್ದವರಿಗೆ ಮಾತ್ರ ಮಾರ್ಫಿನ್ ಹಿತವೆನಿಸಿತು. ಒಂದೇ ಮದ್ದು, ಫಲ ಮಾತ್ರ ಸೇವಿಸುವವರ ಹಿನ್ನೆಲೆಯಂತೆ.

ಆರೋಗ್ಯವಂತರ ಅನುಭವ ರೋಗಿಗೆ ಹೇಗೆ ಅನ್ವಯಿಸುತ್ತದೆ ಎಂದು ಕೇಳಬಹುದು. ಆ ಅಧ್ಯಯನದಲ್ಲಿ ದೀರ್ಘಕಾಲದ ರೋಗಿಗಳೂ ಇದ್ದರು; ಅವರಲ್ಲೂ ಅಮಲಿನ ಸುಖ ವಾಡಿಕೆಯಾಗಿರಲಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: 1990ರ ದಶಕದಿಂದ ಅಮೆರಿಕದಲ್ಲಿ ಮಾರ್ಫಿನ್ ಜಾತಿಯ ನೋವುನಿವಾರಕಗಳನ್ನು ಬೇಕಾಬಿಟ್ಟಿ ಬರೆದುಕೊಟ್ಟದ್ದು ಲಕ್ಷಾಂತರ ಜನರ ಸಾವಿಗೆ ಹಾದಿಯಾಯಿತು. ಇದು ನಿಜ. ಒಂದೆರಡು ಡೋಸಿನ ಪ್ರಯೋಗ ತಿಂಗಳುಗಟ್ಟಲೆ ಸೇವನೆಗೆ ಅಭಯ ಕೊಡಲಾರದು. ನಿದ್ರೆಮಾತ್ರೆಯ ಜೊತೆ ಸೇರಿದರೆ ಇವು ಉಸಿರನ್ನೇ ನಿಲ್ಲಿಸಬಲ್ಲವೆಂದು 2016ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಟ್ಟೆಚ್ಚರಿಕೆ ಕೊಟ್ಟಿತು. ಆದರೆ ಅಮೆರಿಕದ್ದು ಅಳತೆ ತಪ್ಪಿದ ಬಳಕೆಯ ಪಾಠ; ಕ್ಯಾನ್ಸರಿನ ಕೊನೆಯ ಹಂತದಲ್ಲಿ ನರಳುವವರಿಗೆ ಮದ್ದು ನಿರಾಕರಿಸಲು ನೆಪವಲ್ಲ. ನಮ್ಮ ಮಾದಕವಸ್ತು ಕಾಯ್ದೆಯ 2014ರ ತಿದ್ದುಪಡಿ ಹಳೆಯ ಗೋಜಲು ಬಿಡಿಸಿದೆ. ಮಾನ್ಯತೆ ಪಡೆದ ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕು. ಕೊಳ್ಳೇಗಾಲ, ಹನೂರು, ಯಳಂದೂರಿನ ರೋಗಿಗಳಿಗೆ ತರಬೇತಾದ ವೈದ್ಯರ ಕೈಯಲ್ಲಿ, ಲೆಕ್ಕವಿಟ್ಟ ಮಾರ್ಫಿನ್ ಅವರವರ ತಾಲ್ಲೂಕಿನಲ್ಲೇ ಸಿಗುವಂತಾಗಬೇಕು. ಅದು ದಯೆಯಲ್ಲ, ಅವರ ಹಕ್ಕು.