ಹೊಸ ಚಿಪ್ಪಿಗೆ ಕರ್ನೆಲ್: ಸಿಂಪ್ಯೂಟರ್‌ನಿಂದ ರಿಸ್ಕ್-ಫೈವ್‌ವರೆಗೆ

ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಎಂಬೆಡೆಡ್ ಸಿಸ್ಟಮ್ಸ್ ಓದಿದವರಿಗೆ ಎಲ್‌ಪಿಸಿ2148 ಚಿಪ್ ಹಳೆಯ ಪರಿಚಯ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಪಠ್ಯಕ್ರಮದ ಲ್ಯಾಬಿನಲ್ಲಿ ಎಲ್‌ಇಡಿ ಮಿನುಗಿಸುವುದು, ಸ್ಟೆಪರ್ ಮೋಟಾರ್ ತಿರುಗಿಸುವುದು ಎಲ್ಲ ಇದರ ಮೇಲೆಯೇ. ಒಳಗಿರುವುದು ಆರ್ಮ್7 ಪ್ರೊಸೆಸರ್, 512 ಕೆಬಿ ಫ್ಲ್ಯಾಶ್, 40 ಕೆಬಿ ರ‍್ಯಾಮ್. ಅದೇ ಆರ್ಮ್ ವಂಶದ ಬೇರೊಂದು ಪ್ರೊಸೆಸರ್ ವಿದ್ಯಾರ್ಥಿಯ ಕೈಲಿರುವ ಆಂಡ್ರಾಯ್ಡ್ ಫೋನಿನಲ್ಲಿದೆ. ಫೋನಿನಲ್ಲಿ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಲಿನಕ್ಸ್ ಕರ್ನೆಲ್ ಓಡುತ್ತದೆ. ಲ್ಯಾಬಿನ ಬೋರ್ಡಿನಲ್ಲಿ ಓಡುವುದಿಲ್ಲ.

ಕಾರಣ ಎರಡು. 40 ಕೆಬಿಯಲ್ಲಿ ಕರ್ನೆಲ್ ಹಿಡಿಸುವುದಿಲ್ಲ ಎಂಬುದು ಒಂದು. ಸಾಮಾನ್ಯ ಲಿನಕ್ಸಿಗೆ ಬೇಕಾದ, ಪ್ರತಿ ಪ್ರೋಗ್ರಾಮಿಗೂ ಪ್ರತ್ಯೇಕ ವಿಳಾಸಲೋಕ ಕಟ್ಟಿಕೊಡುವ ಮೆಮೊರಿ ಮ್ಯಾನೇಜ್‌ಮೆಂಟ್ ಯೂನಿಟ್, ಅಂದರೆ ಎಂಎಂಯು, ಆ ಚಿಪ್ಪಿನಲ್ಲಿ ಇಲ್ಲ ಎಂಬುದು ಇನ್ನೊಂದು. ಆದರೆ ಮೆಮೊರಿಯೂ ಎಂಎಂಯುವೂ ಇದ್ದ ಮಾತ್ರಕ್ಕೆ ಕರ್ನೆಲ್ ತಾನಾಗಿ ಓಡಿಬಿಡುವುದಿಲ್ಲ. ಯಾರಾದರೂ ಕೂತು ಆ ಪ್ರೊಸೆಸರ್ ಕುಟುಂಬಕ್ಕೆ ಬೆಂಬಲ ಬರೆಯಬೇಕು. ಕಳೆದ ಮೂರು ದಶಕಗಳಲ್ಲಿ ಈ ಕೆಲಸದ ಸ್ವರೂಪವೇ ಬದಲಾಗಿದೆ. ಒಮ್ಮೆ ಒಬ್ಬಿಬ್ಬರ ಸಾಹಸವಾಗಿದ್ದದ್ದು ಕಂಪನಿಗಳ ಕಾಯಕವಾಯಿತು. ಈಗ ಹಾರ್ಡ್‌ವೇರನ್ನು ಸರಿಯಾಗಿ ವಿವರಿಸಿ, ಆ ವಿವರಣೆಯನ್ನು ವರ್ಷಗಟ್ಟಲೆ ಕಾಯ್ದುಕೊಳ್ಳುವ ಶಿಸ್ತಾಗಿದೆ.

ಬೆಂಬಲ ಎಂದರೆ ಏನೇನು?

ಮೊದಲು ಆ ಪ್ರೊಸೆಸರಿನ ಆದೇಶಗಳನ್ನು ಹೊರಡಿಸಬಲ್ಲ ಕಂಪೈಲರ್ ಬೇಕು. ಸಾಮಾನ್ಯವಾಗಿ ಅದು ಜಿಸಿಸಿ. ಬಳಿಕ ರ‍್ಯಾಮನ್ನು ಎಬ್ಬಿಸಿ, ಕರ್ನೆಲನ್ನು ಅದರೊಳಗೆ ಇಳಿಸಿ, ಅದಕ್ಕೆ ಹಾರುವ ಬೂಟ್‌ಲೋಡರ್ ಬೇಕು. ಯು-ಬೂಟ್ ಇದಕ್ಕೆ ಹೆಸರಾದದ್ದು. ಅಲ್ಲಿಂದ ಮುಂದೆ ಕರ್ನೆಲಿನದೇ ಪಾಡು. ಅಸೆಂಬ್ಲಿಯಲ್ಲಿ ಬರೆದ ಮೊದಲ ಕೆಲವು ಸಾಲುಗಳು ಪೇಜ್ ಟೇಬಲ್ ಕಟ್ಟಿ ಎಂಎಂಯು ಚಾಲೂ ಮಾಡುತ್ತವೆ. ಆಮೇಲೆ ಇಂಟರಪ್ಟ್ ಕಂಟ್ರೋಲರ್, ಟೈಮರ್, ಸೀರಿಯಲ್ ಪೋರ್ಟ್. ಮೆಮೊರಿ ಕಾರ್ಡ್, ಎತರ್ನೆಟ್, ಡಿಸ್‌ಪ್ಲೇ ಇವೆಲ್ಲ ಕಡೆಗೆ.

ಹೊಸ ಬೋರ್ಡಿನಲ್ಲಿ ಕರ್ನೆಲನ್ನು ಮೊದಲ ಬಾರಿಗೆ ಓಡಿಸುವ ಕೆಲಸ, ಅಂದರೆ ಬೋರ್ಡ್ ಬ್ರಿಂಗ್-ಅಪ್ ಮಾಡಿದವರಿಗೆ ಇಲ್ಲಿಯ ಎರಡು ಗಂಡಾಂತರಗಳು ಚೆನ್ನಾಗಿ ಗೊತ್ತು. ‘ಅನ್‌ಕಂಪ್ರೆಸಿಂಗ್ ಲಿನಕ್ಸ್’ ಎಂಬ ಸಾಲು ಪರದೆಗೆ ಬಂದು ಅಲ್ಲಿಗೇ ಎಲ್ಲ ಸ್ತಬ್ಧವಾದರೆ, ಎಂಎಂಯು ಚಾಲೂ ಆಗುವ ಹೊತ್ತಿನಲ್ಲಿ ಏನೋ ಎಡವಿರಬಹುದು, ಇಲ್ಲವೇ ಕರ್ನೆಲ್ ಓಡುತ್ತಿದ್ದರೂ ಸೀರಿಯಲ್ ಪೋರ್ಟಿನ ವಿಳಾಸ ತಪ್ಪಿರಬಹುದು. ‘ಕ್ಯಾಲಿಬ್ರೇಟಿಂಗ್ ಡಿಲೇ ಲೂಪ್’ ಎಂಬಲ್ಲಿ ನಿಂತರೆ ಟೈಮರ್ ಇಂಟರಪ್ಟ್ ಬರುತ್ತಿಲ್ಲ ಎಂದು ಅನುಮಾನಿಸಬೇಕು. ಕಾಲ ಸರಿಯುವುದು ಕರ್ನೆಲಿಗೆ ತಿಳಿಯುವುದೇ ಟೈಮರಿನಿಂದ. ಟೈಮರ್ ಮಿಡಿಯದಿದ್ದರೆ ಒಂದು ಕೆಲಸದಿಂದ ಇನ್ನೊಂದಕ್ಕೆ ಪಾಳಿ ಬದಲಾಗುವುದೂ ಇಲ್ಲ.

ಒಬ್ಬಿಬ್ಬರ ಸಾಹಸದ ಕಾಲ

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದದ್ದು ಇಂಟೆಲ್ 386ಕ್ಕಾಗಿ. ಬೇರೆ ಪ್ರೊಸೆಸರುಗಳಿಗೂ ಒಗ್ಗುವಂತೆ ಕರ್ನೆಲಿನ ಒಳರಚನೆ ಹದಗೊಂಡದ್ದು 1995ರ ಸುಮಾರಿಗೆ, ಆಲ್ಫಾ ಪ್ರೊಸೆಸರಿಗೆ ಪೋರ್ಟ್ ಆದಾಗ, ಅಂದರೆ ಅದಕ್ಕೆ ಹೊಂದಿಸಿದಾಗ. 1994ರ ಹೊತ್ತಿಗೇ ಇಂಗ್ಲೆಂಡಿನಲ್ಲಿ ರಸೆಲ್ ಕಿಂಗ್ ಅವರು ಏಕಾರ್ನ್ ಕಂಪ್ಯೂಟರಿನ ಮೇಲೆ ಆರ್ಮ್ ಪೋರ್ಟ್ ಶುರುಮಾಡಿದ್ದರು. ಅವರದೊಂದು ವ್ಯವಸ್ಥೆ ಬಹುಕಾಲ ಬಾಳಿತು: ಪ್ರತಿ ಬೋರ್ಡಿಗೂ ನೋಂದಾಯಿಸಿದ ಒಂದು ಅಂಕಿ. ಬೂಟ್‌ಲೋಡರ್ ಆ ಅಂಕಿಯನ್ನು ಪ್ರೊಸೆಸರಿನ ಆರ್1 ರಿಜಿಸ್ಟರಿನಲ್ಲಿಟ್ಟು ಕರ್ನೆಲಿಗೆ ಹಾರಬೇಕು. ತಾನು ಯಾವ ಬೋರ್ಡಿನ ಮೇಲಿದ್ದೇನೆಂದು ಕರ್ನೆಲ್ ತಿಳಿಯುತ್ತಿದ್ದದ್ದು ಅದರಿಂದ.

ಎಂಎಂಯು ಇಲ್ಲದ ಚಿಪ್ಪುಗಳಿಗೂ 1998ರಲ್ಲಿ ದಾರಿ ತೆರೆಯಿತು. ಪಾಮ್ ಪೈಲಟ್‌ನಲ್ಲಿದ್ದ ಮೊಟೊರೋಲಾ ಡ್ರ್ಯಾಗನ್‌ಬಾಲ್ ಪ್ರೊಸೆಸರಿಗೆ ಸಿದ್ಧವಾದ ಯುಸಿಲಿನಕ್ಸ್, 2002ರ ಕೊನೆಗೆ ಮುಖ್ಯ ಕರ್ನೆಲಿನ ಅಭಿವೃದ್ಧಿ ಶಾಖೆಗೆ ಸೇರಿತು. ಅಲ್ಲಿ ಪ್ರೋಗ್ರಾಮಿನ ಪ್ರತ್ಯೇಕ ಪ್ರತಿ ಸೃಷ್ಟಿಸುವ ‘ಫೋರ್ಕ್’ ಇಲ್ಲ, ಮೂಲ ಪ್ರೋಗ್ರಾಮಿನ ಮೆಮೊರಿಯನ್ನೇ ಹಂಚಿಕೊಳ್ಳುವ ‘ವಿಫೋರ್ಕ್’ ಮಾತ್ರ. ಒಂದು ಪ್ರೋಗ್ರಾಮಿನ ತಪ್ಪು ಇಡೀ ವ್ಯವಸ್ಥೆಯನ್ನೇ ಬೀಳಿಸಬಹುದು. ಹಾಗಿದ್ದೂ ಸಣ್ಣ ರೌಟರುಗಳಿಗೆ, ಕ್ಯಾಮೆರಾಗಳಿಗೆ ಅದು ಸಾಕಾಗುತ್ತಿತ್ತು.

ಬೆಂಗಳೂರಿನ ಸಿಂಪ್ಯೂಟರ್

ಕನ್ನಡನಾಡಿನಲ್ಲಿ ಈ ಕಥೆಯ ಮೊದಲ ದೊಡ್ಡ ಅಧ್ಯಾಯ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಸಂಸ್ಥೆಯ ಕಡೆಯವರು. 2001ರ ಏಪ್ರಿಲ್‌ನಲ್ಲಿ ಮಾದರಿ ಹೊರಬಂತು. ಒಳಗೆ ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110, 206 ಮೆಗಾಹರ್ಟ್ಸ್. ಆಪರೇಟಿಂಗ್ ಸಿಸ್ಟಮ್ ಲಿನಕ್ಸ್. ಓದುಬರಹ ಬಾರದವರೂ ಬಳಸುವಂತೆ ಚಿತ್ರ, ಧ್ವನಿ, ಭಾರತೀಯ ಭಾಷೆಗಳು. ಹಲವರು ಒಂದೇ ಯಂತ್ರ ಹಂಚಿಕೊಳ್ಳಲೆಂದು ಸ್ಮಾರ್ಟ್ ಕಾರ್ಡ್. 2004ರಲ್ಲಿ ಪಿಕೊಪೇಟಾ ಕಂಪನಿ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ‘ಅಮಿಡಾ ಸಿಂಪ್ಯೂಟರ್’ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದವು.

ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ ಎಂಬುದು ಎಲ್ಲರೂ ಹೇಳುವ ಮಾತು. ಕರ್ನೆಲಿನ ದೃಷ್ಟಿಯಿಂದ ಅದು ಕಲಿಸುವ ಪಾಠ ಬೇರೆ. ಸ್ಟ್ರಾಂಗ್‌ಆರ್ಮ್‌ಗೆ ಲಿನಕ್ಸ್ ಬೆಂಬಲ ಆಗಲೇ ಇತ್ತು. ಕಾಂಪ್ಯಾಕ್‌ನ ಐಪ್ಯಾಕ್ ಕೈಗಣಕವೂ ಅದೇ ಕುಟುಂಬದ್ದು. ಆದ್ದರಿಂದ ಬೆಂಗಳೂರಿನ ತಂಡ ಪ್ರೊಸೆಸರಿನ ಬುಡದಿಂದ ಆರಂಭಿಸಬೇಕಾಗಲಿಲ್ಲ. ಕುಟುಂಬಕ್ಕೆ ಒಬ್ಬರು ಬರೆದ ಬೆಂಬಲ ಅದೇ ಚಿಪ್ ಬಳಸುವ ಎಲ್ಲರಿಗೂ ಬಂಡವಾಳವಾಗುತ್ತದೆ ಎಂಬುದನ್ನು ಈ ನಾಡು ಕಣ್ಣಾರೆ ಕಂಡದ್ದು ಆಗ.

ಕಂಪನಿಯ ಕೆಲಸವಾದಾಗ

ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ (ಟಿಐ) 1985ರಲ್ಲೇ ಬೆಂಗಳೂರಿಗೆ ಬಂದಿತ್ತು. 2005ರಲ್ಲಿ ಅದು ವಿಡಿಯೊ ಕೆಲಸಕ್ಕೆಂದು ದಾವಿಂಚಿ ಚಿಪ್ಪುಗಳನ್ನು ಪ್ರಕಟಿಸಿತು. ಮೊದಮೊದಲು ಗ್ರಾಹಕರಿಗೆ ಸಿಗುತ್ತಿದ್ದದ್ದು ಮೊಂಟಾವಿಸ್ಟಾ ಕಂಪನಿ ಸಿದ್ಧಪಡಿಸಿದ 2.6.10 ಕರ್ನೆಲ್. ಮುಖ್ಯ ಕರ್ನೆಲಿಗೆ, ಅಂದರೆ ಮೇನ್‌ಲೈನ್‌ಗೆ, ದಾವಿಂಚಿ ಸೇರಿದ್ದು 2007ರ 2.6.22ರಲ್ಲಿ. ನಡುವಿನ ಈ ಅಂತರವೇ ಆ ಕಾಲದ ರೋಗ. ಚಿಪ್ ತಯಾರಕರು ತಮ್ಮದೇ ಪ್ರತಿ ಇಟ್ಟುಕೊಂಡು ಗ್ರಾಹಕರಿಗೆ ಕೊಡುತ್ತಿದ್ದರು. ಮೇನ್‌ಲೈನ್ ಮುಂದೆ ಮುಂದೆ ಹೋದಂತೆ ಆ ಪ್ರತಿ ಹಿಂದೆ ಉಳಿಯುತ್ತಿತ್ತು, ಭದ್ರತಾ ತಿದ್ದುಪಡಿಗಳೂ ಅದಕ್ಕೆ ತಲುಪುತ್ತಿರಲಿಲ್ಲ.

2009ರ ಹೊತ್ತಿಗೆ ಅದೇ ದಾವಿಂಚಿ ಕುಟುಂಬದ ಡಿಎ850 ಚಿಪ್ಪಿಗೆ ಟಿಐ ಎಂಜಿನಿಯರುಗಳೇ ನೇರವಾಗಿ ಮೇನ್‌ಲೈನ್‌ಗೆ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕಳಿಸುತ್ತಿದ್ದರು. ಅದರಲ್ಲಿ ಬೆಂಗಳೂರಿನ ಕೈ ದೊಡ್ಡದು. ಪ್ಯಾಚ್ ಬರೆದವರು ತಮ್ಮ ಹೆಸರಿನಲ್ಲಿ ಸಹಿ ಹಾಕಬೇಕು, ಅಪರಿಚಿತರ ಸಾರ್ವಜನಿಕ ಟೀಕೆಗೆ ಉತ್ತರ ಕೊಡಬೇಕು, ತಿದ್ದಿ ಮತ್ತೆ ಕಳಿಸಬೇಕು. ಕಂಪನಿಯೊಳಗಿನ ಗಡುವಿಗೆ ಒಗ್ಗಿದವರಿಗೆ ಇದು ಹೊಸ ಶಾಲೆ.

2011ರ ಬಿಕ್ಕಟ್ಟು

ಎಲ್ಲರೂ ಹೀಗೆ ಕಳಿಸತೊಡಗಿದಾಗ ಇನ್ನೊಂದು ತೊಡಕು ಎದ್ದಿತು. ಪ್ರತಿ ಬೋರ್ಡಿಗೂ ಒಂದೊಂದು ಸಿ ಫೈಲು, ಪ್ರತಿ ಕಂಪನಿಗೂ ತನ್ನದೇ ಕ್ಲಾಕ್ ಕೋಡು, ತನ್ನದೇ ಪಿನ್ ಹೊಂದಾಣಿಕೆ. 2011ರ ಮಾರ್ಚ್‌ನಲ್ಲಿ ಟೊರ್ವಾಲ್ಡ್ಸ್ ಆರ್ಮ್ ಗೊಂದಲದ ಬಗ್ಗೆ ಬಹಿರಂಗವಾಗಿಯೇ ಸಿಡಿದರು.

ಪರಿಹಾರ ಬಂದದ್ದು ಪವರ್‌ಪಿಸಿ ಲೋಕದಲ್ಲಿ ಮೊದಲೇ ಬಳಕೆಯಲ್ಲಿದ್ದ ಡಿವೈಸ್ ಟ್ರೀಯಿಂದ. ಯಾವ ವಿಳಾಸದಲ್ಲಿ ಯಾವ ಟೈಮರ್, ಯಾವ ಇಂಟರಪ್ಟ್ ಸಂಖ್ಯೆಗೆ ಯಾವ ಸೀರಿಯಲ್ ಪೋರ್ಟ್ ಎಂಬುದನ್ನೆಲ್ಲ ಸಿ ಕೋಡಿನಿಂದ ತೆಗೆದು ಪ್ರತ್ಯೇಕ ವಿವರಣಾ ಫೈಲಿಗೆ ಬರೆದಿಡುವುದು ಇದರ ತಿರುಳು. ಬೂಟ್‌ಲೋಡರ್ ಅದನ್ನು ಕರ್ನೆಲಿಗೆ ಒಪ್ಪಿಸುತ್ತದೆ. ಬೋರ್ಡಿನ ಅಂಕಿಯ ಅಗತ್ಯ ಉಳಿಯಲಿಲ್ಲ. ಬೇರೆ ಬೇರೆ ಕಂಪನಿಗಳ ಆರ್ಮ್ ಚಿಪ್ಪುಗಳಲ್ಲಿ ಒಂದೇ ಕರ್ನೆಲ್ ಓಡುವ ವ್ಯವಸ್ಥೆ 2012ರ ಡಿಸೆಂಬರಿನ 3.7ರಲ್ಲಿ ಬಂತು, 64 ಬಿಟ್ ಆರ್ಮ್ ಬೆಂಬಲ ಸೇರಿದ್ದೂ ಅದರಲ್ಲೇ. ಈ ಕ್ಷೇತ್ರದ ದೊಡ್ಡ ತಿರುವು ಇದೇ: ಇರುವ ಡ್ರೈವರುಗಳನ್ನೇ ಬಳಸುವ ಹೊಸ ಬೋರ್ಡಾದರೆ ಹೊಸ ಕೋಡಿನ ಹಂಗೇ ಇಲ್ಲ, ಸರಿಯಾದ ವಿವರಣೆ ಬರೆದರೆ ಸಾಕು.

ಸೇರಿದ್ದು ಉಳಿಯುವುದೇ?

2.6.22ರಲ್ಲಿ ದಾವಿಂಚಿಯ ಜೊತೆಗೇ ಅನಲಾಗ್ ಡಿವೈಸಸ್‌ನ ಬ್ಲ್ಯಾಕ್‌ಫಿನ್ ಪ್ರೊಸೆಸರಿಗೂ ಬೆಂಬಲ ಸೇರಿತ್ತು. 2018ರ 4.17ರಲ್ಲಿ ಬ್ಲ್ಯಾಕ್‌ಫಿನ್ ಸೇರಿ ಎಂಟು ಪ್ರೊಸೆಸರ್ ಕುಟುಂಬಗಳನ್ನು ಒಟ್ಟಿಗೇ ಕಿತ್ತುಹಾಕಿದರು. ನೋಡಿಕೊಳ್ಳುವವರಿಲ್ಲ, ಬಳಸುವವರ ಸದ್ದಿಲ್ಲ ಎಂಬುದೇ ಕಾರಣ. 2023ರ 6.3ರಲ್ಲಿ ಹಳೆಯ ದಾವಿಂಚಿ ಚಿಪ್ಪುಗಳೂ ಹೋದವು. ಡಿವೈಸ್ ಟ್ರೀಗೆ ಬಂದಿದ್ದ ಡಿಎ850 ಮಾತ್ರ ಉಳಿಯಿತು.

ಕಟ್ಟಿದ್ದನ್ನು ಉಳಿಸಿಕೊಳ್ಳುವ ಕಷ್ಟವನ್ನು ಶಿವಮೊಗ್ಗ ಜಿಲ್ಲೆಯ ಭದ್ರಾವತಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, ಅದರ ನೆರೆಯ ಕಾಗದದ ಕಾರ್ಖಾನೆ ಎರಡನ್ನೂ ಕಂಡ ಊರಿದು. ಕಟ್ಟುವುದು ಒಂದು ಪೀಳಿಗೆಯ ಹೆಮ್ಮೆಯಾದರೆ ನಡೆಸಿಕೊಂಡು ಹೋಗುವುದು ಪ್ರತಿ ಪೀಳಿಗೆಯ ಕರ್ಮ. ಕರ್ನೆಲಿನಲ್ಲೂ ಅಷ್ಟೇ. ಸುತ್ತಲಿನ ಕೋಡು ಬದಲಾದಾಗಲೆಲ್ಲ ಆ ಕುಟುಂಬದ ಕೋಡನ್ನೂ ಹೊಂದಿಸಿ, ನಿಜವಾದ ಬೋರ್ಡಿನ ಮೇಲೆ ಓಡಿಸಿ ನೋಡುವವರು ಬೇಕು.

ರಿಸ್ಕ್-ಫೈವ್ ಮತ್ತು ನಮ್ಮ ಚಿಪ್ಪುಗಳು

ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಹುಟ್ಟಿದ ರಿಸ್ಕ್-ಫೈವ್ ಮುಕ್ತ ಪ್ರೊಸೆಸರ್ ವಿನ್ಯಾಸ. ಬಳಸಲು ಯಾರಿಗೂ ಲೈಸೆನ್ಸ್ ಹಣ ಕಟ್ಟಬೇಕಿಲ್ಲ. 2018ರ ಜನವರಿಯ 4.15 ಕರ್ನೆಲಿಗೆ ಅದು ಸೇರಿತು. ಆದರೆ ಆಗ ಬಂದದ್ದು ತಿರುಳು ಮಾತ್ರ. ಇಂಟರಪ್ಟ್ ಕಂಟ್ರೋಲರಿನ ಡ್ರೈವರ್ ಸೇರಿ, ಮೇನ್‌ಲೈನ್ ಕರ್ನೆಲಿನಿಂದಲೇ ಬೂಟ್ ಮಾಡುವಂತಾದದ್ದು ಅದೇ ವರ್ಷದ 4.19ರಲ್ಲಿ. ಮದ್ರಾಸ್ ಐಐಟಿಯ ಶಕ್ತಿ ತಂಡವೂ ಅದೇ 2018ರಲ್ಲಿ ತನ್ನ ರಿಸ್ಕ್-ಫೈವ್ ಚಿಪ್ಪಿನ ಮೇಲೆ ಲಿನಕ್ಸ್ ಬೂಟ್ ಮಾಡಿ ತೋರಿಸಿತು. ತಿರುವನಂತಪುರದ ಸಿ-ಡ್ಯಾಕ್ ವೇಗಾ ಹೆಸರಿನ ಸರಣಿ ರೂಪಿಸಿತು. 2022ರಲ್ಲಿ ಕೇಂದ್ರ ಸರ್ಕಾರ ಇವೆರಡನ್ನೂ ಒಳಗೊಂಡ ಡಿಐಆರ್-ವಿ ಯೋಜನೆ ಪ್ರಕಟಿಸಿತು. 2024ರ 6.12ರಲ್ಲಿ ನಿಗದಿತ ಸಮಯಕ್ಕೆ ತಪ್ಪದೆ ಪ್ರತಿಕ್ರಿಯಿಸುವ ರಿಯಲ್-ಟೈಮ್ ಸೌಲಭ್ಯ ಮೇನ್‌ಲೈನ್‌ಗೆ ಬಂದಾಗ, 64 ಬಿಟ್ ಆರ್ಮ್ ಹಾಗೂ ರಿಸ್ಕ್-ಫೈವ್ ಎರಡಕ್ಕೂ ಅದು ಮೊದಲ ದಿನದಿಂದಲೇ ಸಿಕ್ಕಿತು. ಕಾರ್ಖಾನೆಯ ಯಂತ್ರ ನಿಯಂತ್ರಣಕ್ಕೆ ಇದು ದೊಡ್ಡ ಅನುಕೂಲ.

ದೇಶೀಯ ಚಿಪ್ ಎಂದರೆ ಸಿಲಿಕಾನ್ ಒಂದನ್ನೇ ಲೆಕ್ಕ ಹಿಡಿಯುವ ಅಭ್ಯಾಸ ನಮ್ಮದು. ಮೂವತ್ತು ವರ್ಷದ ಅನುಭವ ಹೇಳುವುದು ಬೇರೆ: ಮೇನ್‌ಲೈನ್‌ನಲ್ಲಿ ಬೆಂಬಲವಿಲ್ಲದ ಚಿಪ್, ತಯಾರಕರ ಆಸಕ್ತಿ ಇಳಿದ ದಿನವೇ ಅನಾಥ. ಬೆಂಬಲವಿದ್ದೂ ಪಾಲಕರಿಲ್ಲದ್ದಕ್ಕೆ ಬ್ಲ್ಯಾಕ್‌ಫಿನ್‌ನ ಗತಿ.

ಪಾಲಕರು ಎಲ್ಲಿಂದ ಬರಬೇಕು? ಈ ಕೆಲಸಕ್ಕೆ ಬೆಂಗಳೂರಿನ ಕಚೇರಿಯೇ ಆಗಬೇಕೆಂದು ಈಗ ಇಲ್ಲ. ಕ್ಯೂಇಎಂಯು ಎಂಬ ಉಚಿತ ಸಾಫ್ಟ್‌ವೇರ್ ಲ್ಯಾಪ್‌ಟಾಪಿನೊಳಗೇ ರಿಸ್ಕ್-ಫೈವ್ ಬೋರ್ಡನ್ನು ಅನುಕರಿಸುತ್ತದೆ. ಟೈಮರ್, ಇಂಟರಪ್ಟ್, ಬೂಟ್ ಎಲ್ಲವನ್ನೂ ಅದರ ಮೇಲೆ ಕಲಿಯಬಹುದು. ಹಳೆಯ ಪಠ್ಯರೂಪದ ಡಿವೈಸ್ ಟ್ರೀ ನಿಯಮಗಳನ್ನು ಯಂತ್ರವೇ ಪರೀಕ್ಷಿಸಬಲ್ಲ ವೈಎಎಂಎಲ್ ರೂಪಕ್ಕೆ ತರುವ ಕೆಲಸ ಇನ್ನೂ ನಡೆಯುತ್ತಿದೆ. ಹೊಸಬರು ಕಾಲಿಡಲು ಅದು ಒಳ್ಳೆಯ ಬಾಗಿಲು. ಎಲ್‌ಪಿಸಿ2148ರಲ್ಲಿ ರಿಜಿಸ್ಟರ್ ವಿಳಾಸ ಹುಡುಕಿ ಎಲ್‌ಇಡಿ ಮಿನುಗಿಸಿದ ವಿದ್ಯಾರ್ಥಿಗೆ ಡೇಟಾಶೀಟ್ ಓದುವುದು ಆಗಲೇ ಗೊತ್ತು. ಅದೇ ಮಾಹಿತಿಯನ್ನು ಇತರರೂ ನೆಚ್ಚುವಂತೆ ಬರೆದು, ಟೀಕೆಗೆ ಒಡ್ಡಿ, ವರ್ಷಗಟ್ಟಲೆ ಅದರ ಹೊಣೆ ಹೊರುವುದನ್ನು ಪಠ್ಯಕ್ರಮ ಇನ್ನು ಕಲಿಸಬೇಕು.