ಕಿಂಕರಭಾವ ಮತ್ತು ಆತ್ಮಪ್ರತ್ಯಯ: ಆಯ್ದಕ್ಕಿ ಲಕ್ಕಮ್ಮನವರ ನಿದರ್ಶನ

‘ಕಿಂಕರ’ ಎಂದರೆ ಸೇವಕ. ಕಿಂಕರಭಾವವು ಶರಣಧರ್ಮದ ಪ್ರಧಾನ ಗುಣಗಳಲ್ಲಿ ಒಂದು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರೇ ಶಿವಭಕ್ತರ ಮುಂದೆ ತಾವು ಕಿರಿಯರೆಂದು ಭಾವಿಸಿ ನಡೆದರು. ಆದರೆ ಈ ಗುಣವನ್ನು ಕೀಳರಿಮೆಯೆಂದು ತಿಳಿಯುವವರು ಇಂದಿಗೂ ಇದ್ದಾರೆ. ದಾಸೋಹಕ್ಕೆಂದು ಒಂದು ಸೇರು ಜೋಳ ತಂದ ಭಕ್ತರು ‘ನಮ್ಮದೇನು ಬುದ್ಧಿ, ಇಷ್ಟೇ’ ಎಂದು ಸಂಕೋಚದಿಂದ ದೂರ ನಿಲ್ಲುವುದನ್ನು ಕಂಡಾಗಲೆಲ್ಲ ಲಕ್ಕಮ್ಮನವರ ನೆನಪಾಗುತ್ತದೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದು ನೆಲೆಸಿದರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ; ಅದನ್ನು ಅಟ್ಟು ಜಂಗಮದಾಸೋಹ ನಡೆಸುವುದು ಲಕ್ಕಮ್ಮನವರ ನಿತ್ಯವ್ರತ. ನೆಲಕ್ಕೆ ಬಾಗಿ ಕಾಳು ಕಾಳಾಗಿ ಆಯುವ ಈ ಕೆಲಸವನ್ನು ಲೋಕ ಹಿರಿದೆಂದು ಎಣಿಸಲಾರದು.

ಇವರ ವೃತ್ತಾಂತ ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಒಮ್ಮೆ ಶಿವಾನುಭವಗೋಷ್ಠಿಯಲ್ಲಿ ತಲ್ಲೀನರಾಗಿದ್ದ ಮಾರಯ್ಯನವರಿಗೆ ಕಾಯಕ ಮರೆತುಹೋಯಿತು. ಲಕ್ಕಮ್ಮನವರು ಎಚ್ಚರಿಸಿದಾಗ ಧಾವಿಸಿ ಹೋಗಿ, ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದರು. ದಂಪತಿಗಳ ಬಡತನಕ್ಕೆ ಮರುಗಿ ಬಸವಣ್ಣನವರೇ ಹೆಚ್ಚಾಗಿ ಚೆಲ್ಲಿಸಿದ್ದರೆಂದು ಹೇಳುವ ಕಥನವೂ ಉಂಟು. ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಮಿಕ್ಕ ಅಕ್ಕಿ ನಮ್ಮದಲ್ಲ, ತಂದಲ್ಲಿಯೇ ಸುರಿದು ಬನ್ನಿ ಎಂದರು. ಮಾರಯ್ಯನವರು ಹಾಗೆಯೇ ಮಾಡಿದರು.

ಇಲ್ಲಿ ಗಮನಿಸಬೇಕಾದುದು ಕೇವಲ ಆಶೆಯ ನಿರಾಕರಣೆಯಲ್ಲ. ಆಯ್ದ ಅಕ್ಕಿಯಿಂದ ಬದುಕುತ್ತೇವೆಂಬ ನಾಚಿಕೆ ಲಕ್ಕಮ್ಮನವರಲ್ಲಿ ಇದ್ದಿದ್ದರೆ ಆ ಹೆಚ್ಚಿನ ಅಕ್ಕಿ ಅವರಿಗೆ ವರವಾಗಿಯೇ ತೋರುತ್ತಿತ್ತು. ತಮ್ಮ ಕಾಯಕ ತಮಗೆ ಸಾಲುತ್ತದೆಂಬ ದೃಢವಾದ ಅರಿವು ಅವರಿಗಿತ್ತು. ಚಿತ್ತಶುದ್ಧಿಯಿಂದ ದುಡಿಯುವ ಭಕ್ತನಿಗೆ ಬಡತನವೆಂಬುದಿಲ್ಲ ಎಂಬುದು ಅವರ ವಚನವೊಂದರ ತಾತ್ಪರ್ಯ. ಪರಂಪರೆಯ ಪ್ರಕಾರ, ಅನಂತರ ಅವರು ಬಸವಣ್ಣನವರನ್ನೂ ಜಂಗಮಗಣವನ್ನೂ ತಮ್ಮ ಗುಡಿಸಲಿಗೇ ದಾಸೋಹಕ್ಕೆ ಬಿನ್ನವಿಸಿದರು. ಭಂಡಾರಿಯನ್ನು ಊಟಕ್ಕೆ ಕರೆಯಲು ಆ ತಾಯಿಗೆ ಅಳುಕಿರಲಿಲ್ಲ!

ಇತರ ಶರಣರಲ್ಲಿಯೂ ಇದೇ ನಿಲುವು ಕಾಣುತ್ತದೆ. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಮೊದಲಾದವರು ತಮ್ಮ ಕಾಯಕವನ್ನು ಮರೆಮಾಚಲಿಲ್ಲ. ಅದು ಅವರ ಹೆಸರಿನ ಭಾಗವೇ ಆಯಿತು. ಅಂಬಿಗರ ಚೌಡಯ್ಯನವರದು ಇನ್ನೂ ವಿಶೇಷ. ವಚನಕಾರರಲ್ಲಿ ಹಲವರು ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡರೆ, ಇವರು ಕಾಯಕಸಹಿತವಾದ ತಮ್ಮ ಹೆಸರನ್ನೇ ಅಂಕಿತವಾಗಿ ಬಳಸಿದರು. ಇದನ್ನು ಅಹಂಕಾರವೆಂದು ಅಂದಿನ ಶರಣರು ದೂಷಿಸಿದಂತೆ ಕಾಣುವುದಿಲ್ಲ.

ಲಕ್ಕಮ್ಮನವರ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಅವರ 25 ವಚನಗಳೂ ಮಾರಯ್ಯನವರ 32 ವಚನಗಳೂ ದೊರೆತಿವೆ. ಪತಿಯ ಹೆಸರನ್ನು ಅಂಕಿತದಲ್ಲಿ ಧರಿಸಿದ ಆ ಶರಣೆಯೇ, ಪತಿಯು ತಪ್ಪಿದಾಗ ತಿದ್ದಿದ ಗುರುವೂ ಆಗಿದ್ದರು.