ಇಬ್ಬರು ಭೀಮರ ಊರು

ಹೈದರಾಬಾದಿನಲ್ಲಿ ಇಬ್ಬರು ಭೀಮರಿದ್ದಾರೆ. ಒಬ್ಬನನ್ನು ಮಕ್ಕಳಿರುವ ಯಾವ ಮನೆಗೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಿತ್ತಳೆ ಬಣ್ಣದ ಧೋತರ, ಕೈಯಲ್ಲಿ ಲಾಡು, ಊರು ಢೋಲಕ್‌ಪುರ. ರಾಜೀವ್ ಚಿಲಕ ಈ ಊರಿನಲ್ಲೇ ಕಟ್ಟಿದ ಗ್ರೀನ್ ಗೋಲ್ಡ್ ಅನಿಮೇಷನ್ ಕಂಪನಿಯಲ್ಲಿ ಹುಟ್ಟಿದ ಛೋಟಾ ಭೀಮ್ 2008ರಲ್ಲಿ ಪೋಗೊ ಚಾನೆಲ್‌ಗೆ ಬಂದವನು ಇಂದಿಗೂ ದೊಡ್ಡವನಾಗಿಲ್ಲ. ಇನ್ನೊಬ್ಬ ಭೀಮ ಇವನಿಗಿಂತ 123 ವರ್ಷ ಹಿರಿಯ. 1885ರಲ್ಲಿ ಕಡಪ ಜಿಲ್ಲೆಯ ಸುರಭಿ ಎಂಬ ಹಳ್ಳಿಯಲ್ಲಿ ಕೀಚಕನನ್ನು ಕೊಲ್ಲಲು ರಂಗಕ್ಕೆ ಬಂದವನು. ಅವನನ್ನು ಕುಣಿಸಿದ ಮನೆತನದ ಕುಡಿಗಳು ಇಂದು ಹೈದರಾಬಾದಿನ ಪಶ್ಚಿಮದ ಅಂಚಿನಲ್ಲಿ, ಶೇರಿಲಿಂಗಂಪಲ್ಲಿಯ ಸುರಭಿ ಕಾಲೊನಿಯಲ್ಲಿದ್ದಾರೆ. ಗಚ್ಚಿಬೌಲಿಯಲ್ಲೋ ಹೈಟೆಕ್ ಸಿಟಿಯಲ್ಲೋ ಕೆಲಸ ಮಾಡುವ ನಮ್ಮಲ್ಲಿ ಎಷ್ಟೋ ಜನ ಆ ಕಡೆಯೇ ಮನೆ ಮಾಡಿಕೊಂಡಿದ್ದೇವೆ. ಆದರೂ ಈ ಎರಡನೆಯ ಭೀಮನ ವಿಷಯ ಹೇಳಿದರೆ ಕನ್ನಡ ಗೆಳೆಯರು ಹೌದಾ ಎನ್ನುತ್ತಾರೆ.

ಕಳೆದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಮನೆಗಳ ಮಕ್ಕಳು ರಾಜ್ಯೋತ್ಸವಕ್ಕೆ ಛೋಟಾ ಭೀಮನ ನಾಟಕ ಆಡಬೇಕೆಂದು ಹಟ ಹಿಡಿದರು. ದೊಡ್ಡವರದು ಒಂದೇ ಮಾತು: ಕಾರ್ಟೂನಿನಲ್ಲಿ ಎಲ್ಲ ಸರಿ, ಸ್ಟೇಜಿನ ಮೇಲೆ ಹೇಗೆ? ಒಬ್ಬರು ಎಲ್‌ಇಡಿ ಪರದೆ ಬಾಡಿಗೆಗೆ ತರೋಣ ಎಂದರು. ಗ್ರೀನ್ ಗೋಲ್ಡ್‌ನವರೇ 2024ರಲ್ಲಿ ನಿಜವಾದ ಹುಡುಗರನ್ನು ಹಾಕಿ ಛೋಟಾ ಭೀಮನ ಸಿನಿಮಾ ತೆಗೆದರಲ್ಲ, ಅಲ್ಲೂ ಗ್ರಾಫಿಕ್ಸ್ ಇದ್ದೇ ಇತ್ತು. ಚಿತ್ರದಲ್ಲಿ ಹಾರಿದವನು ಮೈ ಪಡೆದು ಬಂದಾಗ ಹಾರುವುದು ಹೇಗೆ ಅನ್ನುವ ಪ್ರಶ್ನೆ ಮಕ್ಕಳದ್ದಾದರೂ ಚಿಕ್ಕದಲ್ಲ. ಸುರಭಿಯವರ ಚರಿತ್ರೆಯೆಂದರೆ ಈ ಪ್ರಶ್ನೆಗೆ ಐದಾರು ತಲೆಮಾರು ಕೊಡುತ್ತ ಬಂದ ಉತ್ತರ.

ಯಾಕೆಂದರೆ ನಾಟಕದವರಾಗುವ ಮೊದಲು ಅವರು ತೊಗಲುಗೊಂಬೆಯವರು. ಮರಾಠಿ ಸೀಮೆಯಿಂದ ತೆಲುಗು ನಾಡಿಗೆ ಇಳಿದು ಬಂದ ಕುಟುಂಬಗಳು. ಹದಮಾಡಿದ ಚರ್ಮವನ್ನು ಬೆಳಕು ತೂರುವಷ್ಟು ತೆಳ್ಳಗೆ ಮಾಡಿ, ಬಣ್ಣ ಹಚ್ಚಿ, ಸಣ್ಣ ಸಣ್ಣ ತೂತು ಕೊರೆದು ಒಡವೆ ಬಿಡಿಸಿ, ಕೈಕಾಲಿನ ಕೀಲುಗಳನ್ನು ದಾರದಿಂದ ಪೋಣಿಸಿ, ಬಿಳಿ ಪರದೆಗೆ ಒತ್ತಿ ಹಿಡಿದು ಹಿಂದಿನಿಂದ ದೀಪ ಇಟ್ಟರೆ ಹನುಮಂತ ಸಮುದ್ರ ಹಾರುತ್ತಾನೆ. ಇದನ್ನು ಅನಿಮೇಷನ್ ಅನ್ನದೆ ಇನ್ನೇನು ಅನ್ನೋಣ? ರಾಮಾಯಣ, ಮಹಾಭಾರತಗಳನ್ನು ರಾತ್ರಿಗೊಂದು ಕಂತಿನಂತೆ ಆಡುತ್ತಿದ್ದ ಅವರದು ಧಾರಾವಾಹಿಯೂ ಹೌದು.

ಇಲ್ಲಿ ನಮ್ಮ ನಂಟೂ ಇದೆ. ಕರ್ನಾಟಕದಲ್ಲಿ ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಎನ್ನುವವರ ಮನೆಮಾತೂ ಮರಾಠಿಯ ಒಂದು ರೂಪವೇ. ಅವರೂ ಅದೇ ಕಡೆಯಿಂದ ಬಂದವರು. ಆಂಧ್ರದ ಆಟದಲ್ಲಿ ನಗಿಸುವ ಕೇತಿಗಾಡು ಮತ್ತು ಬಂಗಾರಕ್ಕ ಬರುತ್ತಾರೆ. ನಮ್ಮಲ್ಲಿ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ರಾಜ್ಯದ ಗಡಿ ದಾಟಿದರೂ ಬಂಗಾರಕ್ಕ ಹೆಸರು ಬದಲಿಸಿಕೊಂಡಿಲ್ಲ. 2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ ಪದ್ಮಶ್ರೀ ಬಂತಲ್ಲ, ಆ ಅಜ್ಜಿಯ ಕಲೆಯೂ ಸುರಭಿಯ ಪೂರ್ವಿಕರ ಕಲೆಯೂ ಒಂದೇ ಬುಡದ್ದು.

ವನಾರಸ ಗೋವಿಂದರಾವ್ ಸುರಭಿಯಲ್ಲಿ ಕೀಚಕವಧೆ ಆಡಿಸಿದಾಗ ನಡೆದದ್ದು ಇಷ್ಟು: ಪರದೆಯ ಹಿಂದೆ ನಿಂತು ಗೊಂಬೆ ಕುಣಿಸುತ್ತಿದ್ದವರು ಪರದೆಯ ಮುಂದೆ ಬಂದರು. ಗೊಂಬೆಗೆ ಕೊಟ್ಟಿದ್ದ ದನಿಗೆ ಈಗ ತಮ್ಮದೇ ಮೈ ಕೊಟ್ಟರು. ಕಥೆ ಹೊಸದಲ್ಲ, ಮಾತು ಹೊಸದಲ್ಲ, ಹಾಡೂ ಗೊತ್ತಿದ್ದದ್ದೇ. ಸುರಭಿಯಲ್ಲಿ ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡುವ ರೂಢಿ ಬಹಳ ಬೇಗ ಬಂತು. ಉಳಿದ ಕಂಪನಿಗಳಲ್ಲಿ ಮೀಸೆ ಬೋಳಿಸಿದ ಗಂಡಸರು ದ್ರೌಪದಿಯಾಗುತ್ತಿದ್ದ ಕಾಲ ಅದು. ಇದನ್ನು ಸುಧಾರಣೆ ಎಂದು ಹೊಗಳುವುದುಂಟು. ನನಗೇನೋ ಕಾರಣ ಅದಕ್ಕಿಂತ ಸರಳ ಅನಿಸುತ್ತದೆ. ಗೊಂಬೆಯಾಟದ ಮನೆಗಳಲ್ಲಿ ಹೆಂಗಸರೇ ಪರದೆಯ ಹಿಂದೆ ಕೂತು ಸೀತೆಗೆ, ದ್ರೌಪದಿಗೆ ದನಿ ಕೊಟ್ಟು ಹಾಡುತ್ತಿದ್ದರು. ದನಿ ಈಚೆ ಬರುವಾಗ ದನಿಯ ಒಡತಿಯೂ ಬಂದಳು.

ಆದರೆ ಗೊಂಬೆಗೆ ಸಾಧ್ಯವಾದದ್ದು ಮನುಷ್ಯನ ಮೈಗೆ ಸಾಧ್ಯವಿಲ್ಲ. ಗೊಂಬೆಯನ್ನು ಎತ್ತಿದರೆ ಹಾರುತ್ತದೆ, ಪರದೆಯಿಂದ ಹಿಂದಕ್ಕೆ ಸರಿಸಿದರೆ ಮಸುಕಾಗಿ ಮಾಯವಾಗುತ್ತದೆ. ಮನುಷ್ಯನಿಗೆ ತೂಕವಿದೆ. ಸುರಭಿಯವರು ಬಗ್ಗಲಿಲ್ಲ. ಹಾರುವ ದೃಶ್ಯ ಬಿಟ್ಟು ಬರೀ ಸಂಭಾಷಣೆಯ ನಾಟಕ ಆಡಿದ್ದರೆ ಕೆಲಸ ಸುಲಭವಾಗುತ್ತಿತ್ತು. ಬದಲಿಗೆ ಹಗ್ಗ, ತಂತಿ, ರಾಟೆ, ಬಣ್ಣದ ಪರದೆಗಳ ಸಾಲು, ಹೊಗೆ, ದೀಪ ಎಲ್ಲವನ್ನೂ ದುಡಿಸಿಕೊಂಡರು. ನಮ್ಮ ಕಂಪನಿ ನಾಟಕದವರು ಟ್ರಿಕ್ ಸೀನ್ ಅನ್ನುತ್ತಿದ್ದದ್ದು ಇದನ್ನೇ. ನಾರದ ಮೋಡದ ಮೇಲೆ ಕೂತು ಇಳಿಯುತ್ತಾನೆ. ಎರಡು ಬಾಣಗಳು ಗಾಳಿಯಲ್ಲಿ ಎದುರಾಗಿ ಕಿಡಿ ಹಾರುತ್ತದೆ. ಮಾಯಾಬಜಾರ್ ನಾಟಕದಲ್ಲಿ ಭೀಮನ ಮಗ ಘಟೋತ್ಕಚ ಮದುವೆಯ ಊಟಕ್ಕೆ ಕೂತರೆ ಲಾಡು ತಾನೇ ಎದ್ದು ಅವನ ಬಾಯಿಗೆ ಹೋಗುತ್ತದೆ. ಛೋಟಾ ಭೀಮನಿಗೆ ಲಾಡು ತಿಂದರೆ ಶಕ್ತಿ ಬರುವುದು ಯಾವ ಮನೆತನದ ಗುಣ ಎಂದು ಇದನ್ನು ನೋಡಿದ ಮೇಲೆ ಹೊಳೆಯಿತು.

ಮಾಯಾಬಜಾರ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಕೆ.ವಿ. ರೆಡ್ಡಿಯವರ 1957ರ ಸಿನಿಮಾ, ಎಸ್.ವಿ. ರಂಗರಾವ್ ಘಟೋತ್ಕಚ. ಅದರ ಹಿಂದೆ ಶಶಿರೇಖಾ ಪರಿಣಯ ಎಂಬ ಹೆಸರಿನಲ್ಲಿ ಬಹುಕಾಲದಿಂದ ನಡೆದುಬಂದ ಕಥೆಯಿದೆ. ಇಲ್ಲಿ ಯಾರು ಯಾರಿಂದ ಪಡೆದರು ಎಂದು ಲೆಕ್ಕ ಹಾಕುವುದು ಕಷ್ಟ. ತೆಲುಗಿನ ಮೊದಲ ವಾಕ್ಚಿತ್ರ ಭಕ್ತ ಪ್ರಹ್ಲಾದ 1932ರಲ್ಲಿ ತೆರೆಗೆ ಬಂದದ್ದೇ ಸುರಭಿಯ ನಾಟಕವನ್ನು ಆಧರಿಸಿ. ಲೀಲಾವತಿಯಾಗಿ ನಟಿಸಿದ್ದು ಸುರಭಿ ಕಮಲಾಬಾಯಿ. ಹೀಗೆ ರಂಗ ಸಿನಿಮಾಕ್ಕೆ ಕೊಟ್ಟಿತು. ಆಮೇಲೆ ಸಿನಿಮಾ ರಂಗಕ್ಕೆ ಮರಳಿಸಿತು. 1951ರ ಪಾತಾಳ ಭೈರವಿ, ಎನ್.ಟಿ. ರಾಮರಾವ್ ತೋಟರಾಮುಡು ಆಗಿದ್ದ ಮಾಂತ್ರಿಕನ ಕಥೆ, ಸುರಭಿಯ ರಂಗಕ್ಕೂ ಬಂತು. ಪ್ರೇಕ್ಷಕರು ಸಿನಿಮಾ ನೋಡಿ ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ಕ್ಯಾಮೆರಾ ಮಾಡಿದ್ದನ್ನು ನೀವು ಕಣ್ಣೆದುರು ಮಾಡಿ ತೋರಿಸಿ ಎಂದು ಕೂರುತ್ತಾರೆ. ಒಂದು ಕಂಪನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇರಲಾರದು.

ದೂರದ ದೇಶಗಳು ಇದೇ ಪರೀಕ್ಷೆಗೆ ಈಚೆಗೆ ಕೂತಿವೆ. ಡಿಸ್ನಿಯ ಲಯನ್ ಕಿಂಗ್ ಕಾರ್ಟೂನನ್ನು 1997ರಲ್ಲಿ ಬ್ರಾಡ್‌ವೇಗೆ ತಂದ ಜೂಲಿ ಟೇಮರ್ ಮುಖವಾಡವನ್ನು ನಟನ ತಲೆಯ ಮೇಲಿಟ್ಟು ಮುಖವನ್ನು ಬಯಲಾಗಿಯೇ ಬಿಟ್ಟರು. ಸಿಂಹವೂ ಕಾಣಬೇಕು, ಮನುಷ್ಯನೂ ಕಾಣಬೇಕು. ಜಪಾನಿನ ಸ್ಟುಡಿಯೊ ಘಿಬ್ಲಿಯ ಟೊಟೊರೊ ಚಿತ್ರವನ್ನು ರಾಯಲ್ ಶೇಕ್ಸ್‌ಪಿಯರ್ ಕಂಪನಿ 2022ರಲ್ಲಿ ಲಂಡನ್ನಿನಲ್ಲಿ ಆಡಿದಾಗಲೂ ಗೊಂಬೆ ಆಡಿಸುವವರು ರಂಗದ ಮೇಲೆಯೇ ಇದ್ದರು. ಸುರಭಿಯ ದಾರಿ ಇದಕ್ಕೆ ತೀರಾ ಉಲ್ಟಾ. ಆಡಿಸುವ ಕೈಯನ್ನು ಅವರು ಅಡಗಿಸುತ್ತಾರೆ. ಎರಡರಲ್ಲಿ ನನಗೆ ಹಿಡಿಸುವುದು ಸುರಭಿಯದೇ. ದಾರ ಇದೆಯೆಂದು ಹಾಲ್‌ನಲ್ಲಿ ಎಲ್ಲರಿಗೂ ಗೊತ್ತು, ಆದರೂ ಲಾಡು ಏಳುವ ಹೊತ್ತಿಗೆ ಉಸಿರು ಹಿಡಿಯುತ್ತೇವೆ.

ಸುರಭಿಗಿಂತ ಒಂದು ವರ್ಷ ಮೊದಲು, 1884ರಲ್ಲಿ, ತುಮಕೂರು ಸೀಮೆಯ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತ್ತು. ಹುಡುಗನಾಗಿ ಸೇರಿದ ವೀರಣ್ಣ ಅದರ ಯಜಮಾನರಾದ ಮೇಲೆ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ನಮ್ಮ ಅಜ್ಜಂದಿರು ಬಣ್ಣಿಸುತ್ತಿದ್ದ ಆ ವೈಭವದ ಟ್ರಿಕ್ ಸೀನುಗಳು ಇಂದು ಕನ್ನಡದಲ್ಲಿ ಹುಡುಕಿದರೂ ಸಿಗುವುದು ಕಡಿಮೆ. ಬನಶಂಕರಿ ಜಾತ್ರೆಯಲ್ಲಿ ಈಗಲೂ ಕಂಪನಿಗಳು ಟೆಂಟ್ ಹಾಕುತ್ತವೆ, ಜನವೂ ಸೇರುತ್ತಾರೆ, ಆದರೆ ಅಲ್ಲಿ ನಡೆಯುವುದು ಹೆಚ್ಚಾಗಿ ಹಾಸ್ಯದ ಸಾಮಾಜಿಕ ನಾಟಕ.

ಆ ಗುಬ್ಬಿ ಕಂಪನಿಗೆ ಮನೆ ಬಿಟ್ಟು ಓಡಿಬಂದು ಸೇರಿದ ಹುಡುಗರಲ್ಲಿ ಒಬ್ಬ ಬಂಟ್ವಾಳದ ಹತ್ತಿರದ ಮಂಚಿಯ ಬಿ.ವಿ. ಕಾರಂತ. ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದರು. ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ಭೋಪಾಲದಲ್ಲಿ ರಂಗಮಂಡಲ, ಮೈಸೂರಿನಲ್ಲಿ ರಂಗಾಯಣ ಕಟ್ಟಿದ ಮೇಲೆ, 1990ರ ದಶಕದಲ್ಲಿ ಕಾರಂತರು ಸುರಭಿಯವರ ಜೊತೆ ಕೆಲಸ ಮಾಡಲು ಬಂದರು. ಭೀಷ್ಮ, ಚಂಡಿಪ್ರಿಯ, ಬಸ್ತಿ ದೇವತ ಯಾದಮ್ಮ ಎಂಬ ಮೂರು ನಾಟಕ ಮಾಡಿಸಿದರು. ಕೊನೆಯದು ಜರ್ಮನಿಯ ಬ್ರೆಕ್ಟ್ ಬರೆದ ನಾಟಕ, ಸೆಜುವಾನಿನ ಒಳ್ಳೆಯ ಹೆಣ್ಣಿನ ಕಥೆ. ಭ್ರಮೆಯನ್ನು ಒಡೆಯಬೇಕು ಎಂದ ಬ್ರೆಕ್ಟನನ್ನು, ಭ್ರಮೆಯನ್ನೇ ಕಸುಬು ಮಾಡಿಕೊಂಡ ಕುಟುಂಬದ ಕೈಗೆ ಕೊಡುವ ಧೈರ್ಯ ಕಂಪನಿ ನಾಟಕದ ಮಣ್ಣಿನಲ್ಲಿ ಬೆಳೆದವರಿಗೆ ಮಾತ್ರ ಬಂದೀತು. ಕಾರಂತರು ಇವರಿಗೆ ಏನು ಕಲಿಸಿದರು ಎಂಬುದನ್ನು ಬರೆಯುವವರಿದ್ದಾರೆ. ಹುಡುಗನಾಗಿ ಗುಬ್ಬಿಯ ಪರದೆಗಳ ನಡುವೆ ಓಡಾಡಿದವರು ಅರವತ್ತು ದಾಟಿದ ಮೇಲೆ ಅಂಥದೇ ಪರದೆಗಳನ್ನು, ಅವುಗಳ ಹಿಂದೆ ತೊಟ್ಟಿಲು ಕಟ್ಟಿಕೊಂಡು ಬದುಕುವ ಸಂಸಾರಗಳನ್ನು ಕಂಡಾಗ ಅವರಿಗೆ ಏನನಿಸಿರಬೇಕು ಎಂಬುದೇ ನನಗೆ ಹೆಚ್ಚು ಕಾಡುವ ವಿಷಯ.

ಸುರಭಿಯ ಶ್ರೀ ವೆಂಕಟೇಶ್ವರ ನಾಟ್ಯಮಂಡಳಿಯನ್ನು ನಡೆಸುತ್ತಿದ್ದ ಆರ್. ನಾಗೇಶ್ವರರಾವ್, ಜನ ಬಾಬ್ಜಿ ಎಂದೇ ಕರೆಯುವವರು, 2013ರಲ್ಲಿ ಪದ್ಮಶ್ರೀ ಪಡೆದರು. ಒಂದು ಕಾಲದಲ್ಲಿ ಮಗಳು, ಅಳಿಯ, ಮೊಮ್ಮಕ್ಕಳೆಂದು ಕವಲೊಡೆದು ಹತ್ತಾರು ತಂಡಗಳಾಗಿದ್ದ ಸುರಭಿ ಇಂದು ಕೈಬೆರಳಲ್ಲಿ ಎಣಿಸುವಷ್ಟಕ್ಕೆ ಇಳಿದಿದೆ. ಆ ಮನೆಗಳ ಮಕ್ಕಳೂ ಓದುತ್ತಾರೆ, ಬೇರೆ ಕೆಲಸ ಹಿಡಿಯುತ್ತಾರೆ. ತಪ್ಪೇನಿಲ್ಲ, ನಾವೂ ಅಪ್ಪನ ಗದ್ದೆ ಬಿಟ್ಟು ಬಂದವರೇ. ಆದರೆ ಗದ್ದೆಯನ್ನು ಇನ್ನೊಬ್ಬರು ಉತ್ತಾರು. ಯಾವ ಮಾತಿಗೆ ಯಾವ ಹಗ್ಗ ಎಷ್ಟು ಸಡಿಲಿಸಬೇಕು, ನಾರದನ ಮೋಡ ಜೋಲಿ ಹೊಡೆಯದಂತೆ ರಾಟೆಯನ್ನು ಹೇಗೆ ಹಿಡಿಯಬೇಕು ಎಂಬುದನ್ನು ಪುಸ್ತಕ ಓದಿ ಕಲಿಯಲಾಗದು. ರೆಕ್ಕೆಯಲ್ಲಿ, ಅಂದರೆ ಪಕ್ಕದ ಪರದೆಯ ಮರೆಯಲ್ಲಿ, ಅಪ್ಪನ ಪಕ್ಕ ನಿಂತ ಮಗುವಿನ ಕೈಗೆ ಮಾತ್ರ ಅದು ಹತ್ತುತ್ತದೆ.

ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ಲಲಿತಕಲಾ ತೋರಣ, ಸೈಫಾಬಾದಿನ ರವೀಂದ್ರ ಭಾರತಿ, ಇವೆರಡೂ ಸುರಭಿಯ ನಾಟಕ ಕಂಡ ಜಾಗಗಳು. ಮಾಯಾಬಜಾರ್ ಹಾಕಿದ್ದಾರೆಂದು ಗೊತ್ತಾದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ತೆಲುಗು ಅರ್ಥವಾಗದಿದ್ದರೂ ನಡೆಯುತ್ತದೆ, ಘಟೋತ್ಕಚ ಎಲ್ಲ ಭಾಷೆಯಲ್ಲೂ ಒಂದೇ ಥರ ನಗುತ್ತಾನೆ. ತೀರಾ ಮುಂದಿನ ಸಾಲಿನಲ್ಲಿ ಕೂತರೆ ದಾರ ಕಾಣಬಹುದು. ಹತ್ತು ವರ್ಷದ ಮೇಲಿನ ಮಕ್ಕಳಿದ್ದರೆ ಅಲ್ಲೇ ಕೂರಿಸಿ.